ಬುಧವಾರದ ಮೂಳೆಗಳು

ಮಾರ್ಚ್ 4, ಮಂಗಳವಾರ. ಬೆಳಗ್ಗೆ 9.40

ಏಳಕ್ಕೆ ವಿಕಿರಣ ಸೂಸುವ ಜಿರ್ಕೋನಿಯಂ ಇದ್ದ ಸೀಸದ ಡಬ್ಬಿ ಬಂತು. ಸಹಿ ಹಾಕಿ ಹಾಟ್ ಲ್ಯಾಬಿನ ಒಳಗಿಟ್ಟೆ. ಎರಡು ಜೊತೆ ಗ್ಲೌಸು, ವಿಕಿರಣ ಅಳೆಯುವ ಬ್ಯಾಡ್ಜು ಬೆರಳಿಗೊಂದು, ಎದೆಗೊಂದು. ದಪ್ಪ ಗಾಜಿನ ಹಿಂದೆ ನಿಂತು ಪ್ರೋಟೀನಿಗೆ ಜಿರ್ಕೋನಿಯಂ ಬೆರೆಸಿದೆ. ಒಂದು ಗಂಟೆ ಕಾದೆ. ಸೋಸಿದೆ. ಒಂದು ಹನಿಗೆ ಕಾಗದದ ಪಟ್ಟಿ ಅದ್ದಿ ಪರೀಕ್ಷೆ ಮಾಡಿದೆ — ನೂರಕ್ಕೆ ತೊಂಬತ್ತೆಂಟು ಗಟ್ಟಿಯಾಗಿ ಅಂಟಿದೆ. ಚೊಕ್ಕ ಬ್ಯಾಚು. ನಾಲ್ಕು ಡೋಸ್ ಎಳೆದು ಕಳಿಸಿದೆ.

ನಮ್ಮ ವಿಭಾಗದ ಮುಖ್ಯಸ್ಥರು, ನನ್ನ ಹಳೇ ಗುರುಗಳು, ಕೋಟು ತೊಟ್ಟ ಅತಿಥಿಗಳಿಬ್ಬರನ್ನು ಕರೆದುಕೊಂಡು ಬಂದಿದ್ದರು. ಗಾಜಿನಾಚೆಯಿಂದ ವಿವರಣೆ. "ಈ ಪ್ರೋಟೀನು ಪೋಸ್ಟ್‌ಮ್ಯಾನ್ ಇದ್ದ ಹಾಗೆ ನೋಡಿ. ಮೈಯೊಳಗೆ ಬಿಟ್ರೆ ಗಡ್ಡೆಯ ವಿಳಾಸ ಹುಡುಕ್ಕೊಂಡು ಹೋಗಿ ಬಾಗಿಲಿಗೇ ಅಂಟ್ಕೊಳ್ಳುತ್ತೆ. ಅದರ ಬೆನ್ನಿಗೆ ನಾವು ವಿಕಿರಣದ ದೀಪ ಕಟ್ಟಿರ್ತೀವಿ. ಎರಡು ದಿನ ಬಿಟ್ಟು ಸ್ಕ್ಯಾನ್ ಮಾಡಿದ್ರೆ ಗಡ್ಡೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ದೀಪ ಉರೀತಿರುತ್ತೆ."

ಪೋಸ್ಟ್‌ಮ್ಯಾನ್ ಹೋಲಿಕೆ ನನ್ನದು. ಅದನ್ನೂ ಬಿಟ್ಟಿಲ್ಲ ಮಹಾಶಯ.

ಹೋಗುವಾಗ ನನ್ನ ಕಡೆ ಕೈ ತೋರಿಸಿ, "ನಮ್ಮ ಹುಡುಗಿ. ಟೆಕ್ನಿಷಿಯನ್. ಕೈ ತುಂಬ ಚೊಕ್ಕ" ಎಂದರು. ನನಗೆ ನಲವತ್ತೊಂದು.

ಸಂಜೆ 6.15

ಆ ಹೋಲಿಕೆ ಕೇಳಿದಾಗಿನಿಂದ ಎದೆಯಲ್ಲಿ ಉರಿ. ಬರೆದು ಇಳಿಸಬೇಕು.

ಒಂಬತ್ತು ವರ್ಷದ ಹಿಂದೆ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆ. ಆರುನೂರು ಪ್ರೋಟೀನುಗಳನ್ನು ಜಾಲಾಡಿ ಇದೊಂದನ್ನು ಹಿಡಿದವಳು ನಾನು. ಮೂರೂವರೆ ವರ್ಷ ಹಿಡಿಯಿತು. ಒಂದು ಕೊರತೆ ಇತ್ತು: ಮೊದಲ ದಿನ ಎಲ್ಲ ಸರಿ, ಬಾಟಲಿಯಲ್ಲೇ ಉಳಿದರೆ ಎರಡನೇ ದಿನಕ್ಕೆ ಬೆನ್ನಿನ ದೀಪ ಕಳಚಿಕೊಳ್ಳುತ್ತಿತ್ತು. ಹದಿನೆಂಟು ಸಲ ಅಳೆದೆ. ಒಂದು ಚಿಟಿಕೆ ಉಪ್ಪು — ಅಡುಗೆಯದಲ್ಲ, ಔಷಧಿ ಕೆಡದಂತೆ ಹಾಕುವಂಥದ್ದು — ಬೆರೆಸಿದರೆ ನಿಲ್ಲುತ್ತದೆ ಎಂದೂ ಕಂಡುಕೊಂಡೆ. ಆದರೆ ಅದನ್ನು ಸಾಬೀತು ಮಾಡಲು ಇನ್ನೊಂದು ವರ್ಷ ಬೇಕಿತ್ತು. ಗುರುಗಳಿಗೆ ಅವಸರ. "ಎರಡನೇ ದಿನ ಯಾರಿಗೆ ಬೇಕು?" ಎಂದರು. ನಾನು ಪ್ರಬಂಧದಲ್ಲಿ ಸೇರಿಸಿಯೇ ತೀರುತ್ತೇನೆ ಎಂದೆ.

ಸಮಿತಿಯ ಮುಂದೆ ಕೂರಿಸಿ, ಐದು ಜನರ ಎದುರು, ತಣ್ಣಗೆ ಹೇಳಿದರು: "ಎರಡನೇ ದಿನದ ಈ ಅಂಕಿಗಳನ್ನ ಇವಳು ತಿದ್ದಿದ್ದಾಳೆ."

ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಡಿಗ್ರಿ ಹೋಯಿತು. ಅಪ್ಪ ಹಾಸಿಗೆ ಹಿಡಿದಿದ್ದರು, ಸಂಬಳ ಬೇಕಿತ್ತು. ಅದೇ ಕಟ್ಟಡದಲ್ಲಿ ಟೆಕ್ನಿಷಿಯನ್ ಆಗಿ ಸೇರಿದೆ. ಅವರ ಲೇಖನದ ಬಾಲದಲ್ಲಿ ನನಗೊಂದು ಕೃತಜ್ಞತೆ — "ತಾಂತ್ರಿಕ ನೆರವಿಗಾಗಿ."

ಹಲ್ಲು ಕಿತ್ತ ಹಾವು ಅಂದುಕೊಂಡಿದ್ದಾರೆ.

ಮಾರ್ಚ್ 5, ಬುಧವಾರ. ಬೆಳಗ್ಗೆ 10.50

ಜೇಬನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ಸಂತೋಷಕ್ಕೆ.

ರೋಗಿಗಳು ಹೆಚ್ಚಾದರೆಂದು ಜನವರಿಯಿಂದ ಹೊಸ ಏರ್ಪಾಡು. ಮಂಗಳವಾರದ ಬ್ಯಾಚು ದೊಡ್ಡದು ಮಾಡುವುದು, ಉಳಿದದ್ದನ್ನು ಬುಧವಾರದವರಿಗೆ ಕೊಡುವುದು. "ಎರಡನೇ ದಿನ ಪರೀಕ್ಷೆ ಅನಗತ್ಯ" — ಗುರುಗಳ ಸಹಿಯ ಸುತ್ತೋಲೆ ಗೋಡೆಗಂಟಿದೆ. ಒಂಬತ್ತೂವರೆಗೆ ಮೂರು ಡೋಸ್ ಹೋಗಿದ್ದವು. ಬಾಟಲಿಯ ತಳದಲ್ಲಿ ಒಂದೆರಡು ಹನಿ. ವಿಕಿರಣ ಎಣಿಸುವ ಯಂತ್ರ ಖಾಲಿ ಇತ್ತು. ಸುಮ್ಮನೆ ಪಟ್ಟಿ ಅದ್ದಿದೆ.

ಅರವತ್ತೊಂಬತ್ತು.

ಮತ್ತೆ ಅದ್ದಿದೆ. ಎಪ್ಪತ್ತು.

ನೂರರಲ್ಲಿ ಮೂವತ್ತು ಪಾಲು ದೀಪ ಪೋಸ್ಟ್‌ಮ್ಯಾನನ ಬೆನ್ನಿನಿಂದ ಉದುರಿದೆ. ಒಂಬತ್ತು ವರ್ಷದ ಹಿಂದೆ ನಾನು ಬರೆದಿಟ್ಟ ಅಂಕಿಯೇ. ನಾನು "ತಿದ್ದಿದ" ಅಂಕಿ! ಯಂತ್ರ ತಾರೀಖು, ಗಂಟೆ, ನಿಮಿಷ ಎಲ್ಲ ಹಾಕಿ ಚೀಟಿ ಮುದ್ರಿಸಿ ಕೊಟ್ಟಿತು. ಜೇಬಿಗಿಳಿಸಿದೆ. ಒಬ್ಬಳೇ ನಕ್ಕೆ.

ಸಂಜೆ 7

ಅಟ್ಟದಿಂದ ನನ್ನ ಹಳೇ ನೋಟ್‌ಬುಕ್ಕು ಇಳಿಸಿದೆ. ಅಕ್ಕ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿ ನೋಡಿದಳು. "ಏನೇ, ಮುಖದಲ್ಲಿ ಲಾಟೀನು ಹಚ್ಕೊಂಡು ಬಂದಿದೀಯ? ಯಾರಾದ್ರೂ ಸಿಕ್ಕಿದ್ರಾ?"

"ಸಿಕ್ಕಿದ್ರು" ಎಂದೆ. "ಸಿಕ್ಕಿಬಿದ್ರು."

ಈಗಲೇ ಬಾಯಿಬಿಟ್ಟರೆ? ಒಂದು ಗಂಟೆಯಲ್ಲಿ ಉಪ್ಪು ಹಾಕಿಸುತ್ತಾರೆ, ಮರುದಿನ ತಾವೇ ಕಂಡುಹಿಡಿದೆವೆನ್ನುತ್ತಾರೆ. ಬೇಡ. ಇಪ್ಪತ್ತೆಂಟನೇ ತಾರೀಖು ಹೊರಗಿನ ತಪಾಸಣಾ ತಂಡ ಬರುತ್ತದೆ. ಈ ಪ್ರೋಟೀನನ್ನು ಬೇರೆ ಆಸ್ಪತ್ರೆಗಳಿಗೂ ಕೊಡಬಹುದೇ ಎಂದು ತೀರ್ಮಾನಿಸುವವರು. ದೊಡ್ಡ ಸಭಾಂಗಣ, ಇನ್ನೂರು ಜನ. ಗುರುಗಳ ಭಾಷಣ. ಅಲ್ಲಿ ಎದ್ದು ನಿಲ್ಲುತ್ತೇನೆ. ಇನ್ನು ಇಪ್ಪತ್ತಮೂರು ದಿನ. ಗುರುವಿಗೇ ತಿರುಮಂತ್ರ ಅಂದರೆ ಏನೆಂದು ತೋರಿಸುತ್ತೇನೆ.

ಕಳಚಿದ ಜಿರ್ಕೋನಿಯಂ ನೇರ ಹೋಗಿ ಮೂಳೆಯಲ್ಲಿ ಕೂರುತ್ತದೆ. ರೋಗವಿಲ್ಲದ ಮೂಳೆಯೂ ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಇದೂ ನೋಟ್‌ಬುಕ್ಕಿನಲ್ಲಿದೆ. ಆ ಪುಟ ಇವತ್ತು ಬೇಗ ಮಗುಚಿದೆ.

ಮಾರ್ಚ್ 7, ಶುಕ್ರವಾರ

ಬುಧವಾರದ ಮೂವರಿಗೆ ಇವತ್ತು ಸ್ಕ್ಯಾನ್. ಆ ಕಡೆ ಹೋಗಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 1.30

ಈ ಸಲ ಡೋಸ್ ಎಳೆಯುವ ಮುಂಚೆಯೇ ಪಟ್ಟಿ ಅದ್ದಿದೆ. ಅರವತ್ತೆಂಟು. ಚೀಟಿ ಜೇಬಿಗೆ. ಮೂರು ಸಿರಿಂಜು ತುಂಬಿದೆ. ಒಂದು ಹನಿಯೂ ಆಚೀಚೆ ಆಗಲಿಲ್ಲ. ಅದೇ ಆಶ್ಚರ್ಯ.

ವಿಷವೇನೂ ಅಲ್ಲ. ಗಟ್ಟಿಯಾಗಿ ಉಳಿದ ಅರವತ್ತೆಂಟು ಪಾಲು ಗಡ್ಡೆಯನ್ನು ತೋರಿಸಿಯೇ ತೋರಿಸುತ್ತದೆ. ಉಳಿದದ್ದು ಮೂಳೆಗೆ ಹೋಗುತ್ತದೆ, ಅಷ್ಟೇ... ಅಷ್ಟೇ ಎಂದು ಬರೆದೆನಲ್ಲ.

ನರ್ಸ್ ರಜೆ. ಮೂರನೇ ಸಿರಿಂಜನ್ನು ಸೀಸದ ಪೆಟ್ಟಿಗೆಯಲ್ಲಿ ನಾನೇ ಒಯ್ದೆ. ಕುರ್ಚಿಯಲ್ಲಿ ಒಬ್ಬಳು ಹೆಂಗಸು, ಮೂವತ್ತೆಂಟರ ಆಸುಪಾಸು. ಎಡ ಎದೆಯಲ್ಲಿ ಗಡ್ಡೆ. ಕಾರು ಓಡಿಸುವುದನ್ನು ಕಲಿಸುವವಳು. ಮಾತಾಡುತ್ತ ಮಾತಾಡುತ್ತ ಬಲಗಾಲಿನಿಂದ ನೆಲ ಒತ್ತುತ್ತಲೇ ಇದ್ದಳು.

"ಅಭ್ಯಾಸ ಮೇಡಂ. ಹನ್ನೊಂದು ವರ್ಷ ಪಕ್ಕದ ಸೀಟಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಹಿಂಗಾಗಿದೆ. ಟಿವಿ ನೋಡುವಾಗ್ಲೂ ಒತ್ತೀನಿ. ನನ್ನ ಮಗಳು ಕೇಳ್ತಾಳೆ, 'ಅಮ್ಮಾ, ಸೋಫಾ ಎಲ್ಲಿಗೆ ಹೋಗ್ತಿದೆ?' ಅಂತ."

ನಕ್ಕೆ. ನಗಬಾರದಿತ್ತು.

"ಇಪ್ಪತ್ತಕ್ಕೆ ಆಪರೇಷನ್. ಗಡ್ಡೆ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ, ತೆಗೆದ್ರೆ ಮುಗೀತು ಅಂದಿದಾರೆ ಸರ್ಜನ್. ಈ ಸ್ಕ್ಯಾನು ಸುಮ್ನೆ ಖಾತ್ರಿಗೆ. ಲೈಸೆನ್ಸ್ ಕೊಡೋಕೆ ಮುಂಚೆ ಒಂದ್ಸಲ ರಿವರ್ಸ್ ಹಾಕಿಸಿ ನೋಡ್ತಾರಲ್ಲ, ಹಂಗೆ. ಅಲ್ವಾ ಮೇಡಂ?"

"ಹೌದು" ಎಂದೆ.

ಡಾಕ್ಟರು ಸೂಜಿ ಚುಚ್ಚಿದರು. ಅವಳ ಕಾಲು ಜೋರಾಗಿ ಬ್ರೇಕ್ ಒತ್ತಿತು.

ಮಾರ್ಚ್ 14, ಶುಕ್ರವಾರ. ಸಂಜೆ 4

ಚಿತ್ರದ ಡಾಕ್ಟರು ಬಂದಿದ್ದಳು. ಸ್ಕ್ಯಾನು ಓದುವ ಹೊಸ ಹುಡುಗಿ, ಸೇರಿ ಆರು ತಿಂಗಳು. ಕಾಫಿ ಹಿಡಿದುಕೊಂಡು ಬಾಗಿಲಿಗೆ ಒರಗಿದಳು.

"ಅಕ್ಕಾ, ಒಂದು ವಿಷಯ. ಬುಧವಾರದವರಿಗೆ ಯಾಕೋ ಮೂಳೆ ಜಾಸ್ತಿ ಹೊಳೆಯುತ್ತೆ ಅನ್ಸುತ್ತೆ. ಬೆನ್ನು, ಸೊಂಟ, ಮಂಡಿ... ಸರ್‌ಗೆ ಹೇಳ್ದೆ. 'ಕಾಯಿಲೆ ವಾರ ನೋಡ್ಕೊಂಡು ಬರುತ್ತೇನಮ್ಮಾ?' ಅಂತ ನಕ್ಕುಬಿಟ್ರು. ನೀವು ಏನಾದ್ರೂ ಬೇರೆ ಮಾಡ್ತೀರಾ ಬುಧವಾರ?"

"ಇಲ್ಲ. ಅದೇ ಬ್ಯಾಚು."

ಸುಳ್ಳಲ್ಲ. ಅಚ್ಚ ನಿಜ. ಅದಕ್ಕೇ ಬಾಯಿ ಕಹಿಯಾಯಿತು.

"ಡ್ರೈವಿಂಗ್ ಕಲಿಸ್ತಾರಲ್ಲ, ಅವರಿಗೂ ಬೆನ್ನುಮೂಳೆ ಪೂರ್ತಿ. ಪಾಪ. ಆಪರೇಷನ್ ಕ್ಯಾನ್ಸಲ್. ಹರಡಿದೆ ಅಂತ ಸರ್ ಸಹಿ ಹಾಕಿದ್ರು."

ಹದಿನಾಲ್ಕು ದಿನ ಉಳಿದಿದೆ. ಗಡ್ಡೆ ಓಡಿಹೋಗುವುದಿಲ್ಲ. ಇಪ್ಪತ್ತೆಂಟರ ಮಧ್ಯಾಹ್ನವೇ ಎಲ್ಲ ಗೊತ್ತಾಗುತ್ತದೆ, ಏಪ್ರಿಲ್ ಮೊದಲ ವಾರ ಆಪರೇಷನ್ ಮಾಡಬಹುದು. ಎರಡು ವಾರದಲ್ಲಿ ಯಾರ ಗಂಟೂ ಹೋಗುವುದಿಲ್ಲ. ನಾನು ಒಂಬತ್ತು ವರ್ಷ ಕಾದಿಲ್ಲವೇ?

ಮಾರ್ಚ್ 17, ಸೋಮವಾರ. ಮಧ್ಯಾಹ್ನ 12.20

ಡ್ರೈವಿಂಗ್ ಟೀಚರ್ ಲಿಫ್ಟಿನ ಮುಂದೆ ಸಿಕ್ಕಳು. ಗುರುತು ಹಿಡಿದು ತಾನೇ ಮಾತಾಡಿಸಿದಳು. ಜೊತೆಗೆ ನಾದಿನಿ, ರಿಪೋರ್ಟಿನ ಚೀಲ ಹಿಡಿದಿದ್ದಳು.

"ಮೇಡಂ, ಖಾತ್ರಿಗೆ ಅಂತ ಮಾಡಿದ್ದು ಖತಂ ಮಾಡ್ತು. ಮೂಳೆಗೆಲ್ಲ ಹೋಗಿದೆಯಂತೆ. ತೆಗೆದು ಪ್ರಯೋಜನ ಇಲ್ಲವಂತೆ. ನೋವು ಬರದ ಹಾಗೆ ನೋಡ್ಕೋತಾರಂತೆ." ಸೊಂಟ ಸವರಿಕೊಂಡು, "ತಮಾಷೆ ನೋಡಿ, ಮೂಳೆ ನೋವೇ ಇರ್ಲಿಲ್ಲ. ರಿಪೋರ್ಟ್ ಓದಿದ್ಮೇಲೆ ಶುರುವಾಗಿದೆ."

ನಾದಿನಿಯನ್ನು ತೋರಿಸಿದಳು. "ಇವಳಿಗೆ ಗಾಡಿ ಕಲಿಸ್ತಿದೀನಿ. ನನ್ನ ಕ್ಲಾಸುಗಳನ್ನ ಇವಳೇ ನೋಡ್ಕೊಳ್ಳಲಿ ಅಂತ. ಕ್ಲಚ್ ಬಿಡೋಕೆ ಬರಲ್ಲ, ಕಪ್ಪೆ ಥರ ಕುಪ್ಪಳಿಸ್ತಾಳೆ."

ನಾದಿನಿ ನಗಲಿಲ್ಲ.

ಲಿಫ್ಟ್ ಬಂತು. ಒಂದು ಮಾತು ಸಾಕಿತ್ತು. ಮೂಳೆಗೆ ಏನೂ ಆಗಿಲ್ಲ ಎನ್ನುವ ಮೂರೇ ಪದ. ನಾಲಗೆಯ ತುದಿಗೆ ಬಂದಿತ್ತು. ಆಚೆ ಕಾರಿಡಾರಿನಲ್ಲಿ ಗುರುಗಳ ನಗು ಕೇಳಿಸಿತು. ನಾಲಗೆ ಒಳಗೆ ಹೋಯಿತು.

ಮಾರ್ಚ್ 19, ಬುಧವಾರ. ಸಂಜೆ 5.30

ಬಾಟಲಿ ಬೀಳಿಸಿದೆ. ಬೇಕೆಂದೇ.

ಮೊದಲು ಪಟ್ಟಿ ಅದ್ದಿದೆ — ಎಪ್ಪತ್ತೊಂದು, ಚೀಟಿ ಜೇಬಿಗೆ. ಆಮೇಲೆ ಇಕ್ಕಳ ಸಡಿಲಿಸಿದೆ. ಟ್ರೇಯಲ್ಲಿ ಬಿದ್ದು ಒಡೆಯಿತು. ಅಲಾರಂ ಕಿರುಚಿತು. ಎರಡು ಗಂಟೆ ಮಂಡಿಯೂರಿ ನೆಲ ಒರೆಸಿದೆ, ಕಾಗದ ಹಾಸಿದೆ, ಮೀಟರು ಹಿಡಿದು ಮತ್ತೆ ಒರೆಸಿದೆ. ಬುಧವಾರದ ಮೂವರಿಗೆ ಸೂಜಿ ಇಲ್ಲ. ಮುಂದಿನ ಮಂಗಳವಾರ ಬನ್ನಿ ಎಂದು ಕಳಿಸಿದರು. ಇದೂ ಒಂದು ದಾರಿ — ಕೋಲೂ ಮುರಿಯಬಾರದು, ಹಾವೂ ಸಾಯಬಾರದು... ಇಪ್ಪತ್ತೆಂಟರವರೆಗೆ.

ಗುರುಗಳು ಬಂದರು. ನರ್ಸು, ವಾರ್ಡ್ ಬಾಯ್, ಚಿತ್ರದ ಡಾಕ್ಟರು ಎಲ್ಲರೂ ನಿಂತಿದ್ದರು. ನಾನು ಮಂಡಿಯ ಮೇಲೆ.

"ನಿನ್ನ ಕೈ ಮೊದಲಿಂದಲೂ ಹಿಂಗೇ. ಅಂಕಿ ಹಿಡಿದ್ರೂ ಜಾರುತ್ತೆ, ಬಾಟಲಿ ಹಿಡಿದ್ರೂ ಜಾರುತ್ತೆ."

ಯಾರೋ ಕಿಸಕ್ಕೆಂದರು.

ಆಯಿತು. ಎದ್ದು ನಿಲ್ಲುವ ದಿನ ಬರಲಿ. ಆ ಕುರ್ಚಿ, ಆ ಕೋಣೆ, ಗೋಡೆಗೆ ತೂಗುಹಾಕಿದ ಆ ಪದಕಗಳು... ಒಂದೊಂದಾಗಿ ಕಳಚುವುದನ್ನು ಮನಸ್ಸಿನಲ್ಲೇ ನೋಡುತ್ತ ನೆಲ ಒರೆಸಿದೆ. ಅಷ್ಟು ಚೊಕ್ಕವಾಗಿ ಯಾವತ್ತೂ ಒರೆಸಿರಲಿಲ್ಲ.

ಮಾರ್ಚ್ 24, ಸೋಮವಾರ. ಸಂಜೆ 6.40

ಡ್ರೈವಿಂಗ್ ಟೀಚರ್ ಔಷಧಿಗೆ ಬರಬೇಕಿತ್ತು. ಬರಲಿಲ್ಲ. ಫೋನ್ ಮಾಡಿದ್ದಕ್ಕೆ, "ಹೋಗೋ ಜೀವಕ್ಕೆ ಯಾಕೆ ವಾಂತಿ, ಸುಸ್ತು? ಇರೋಷ್ಟು ದಿನ ಮಗಳ ಜೊತೆ ಇರ್ತೀನಿ" ಎಂದಳಂತೆ. ಇದನ್ನು ನರ್ಸು ಸಲೀಸಾಗಿ ಹೇಳಿ, ನನ್ನ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು ಹೋದಳು.

ಔಷಧಿಯೂ ಇಲ್ಲ, ಆಪರೇಷನ್ನೂ ಇಲ್ಲ. ಎದೆಯ ಗಡ್ಡೆ ಮಾತ್ರ ನಿಜ. ಅದು ಸಭೆಗಾಗಿ ಕಾಯುವುದಿಲ್ಲ.

ಮನೆಗೆ ಬಂದು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದೆ. ಅಕ್ಕ ಕತ್ತರಿ ಹುಡುಕುತ್ತ ಬಂದವಳು ನಿಂತಳು. "ಏನಿವು?" ಎಂದಳು. ಹೇಳಿಬಿಟ್ಟೆ. ಪೂರ್ತಿ. ಒಂಬತ್ತು ವರ್ಷದ್ದನ್ನು ಅವಳು ಬಲ್ಲಳು. ಇಪ್ಪತ್ತು ದಿನದ್ದು ಗೊತ್ತಿರಲಿಲ್ಲ. ಹೊಗಳುತ್ತಾಳೆ ಅಂದುಕೊಂಡಿದ್ದೆನೇನೋ.

ಅವಳು ಒಂದು ಚೀಟಿ ಎತ್ತಿ ತಾರೀಖು ಓದಿ, ಇದ್ದಲ್ಲೇ ಇಟ್ಟಳು.

"ಅವನ ಮೂಗು ಕೊಯ್ಯೋಕೆ ಅವಳ ಕತ್ತು ಕೊಯ್ತಿದೀಯಲ್ಲೇ."

"ಇನ್ನು ನಾಲ್ಕು ದಿನ ಅಕ್ಕಾ. ನಾಲ್ಕೇ ದಿನ."

"ನಾಲ್ಕು ದಿನ ನಿಂಗೆ. ಅವಳು ದಿನಾ ಎದ್ದು ಎಷ್ಟು ಸಲ ಸಾಯ್ತಿದಾಳೋ ಎಣಿಸಿದೀಯಾ? ಅವನು ನಿನ್ನನ್ನ ಕೊಂದಾಗ ಒಂದೇ ಸಲ ಕೊಂದ."

ಕತ್ತರಿ ತೆಗೆದುಕೊಂಡು ಹೋದಳು. ಮಿಷನ್ನಿನ ಸದ್ದು ಮಾತ್ರ ಬರಲಿಲ್ಲ.

ಮಾರ್ಚ್ 25, ಮಂಗಳವಾರ. ಮಧ್ಯಾಹ್ನ 3

ಬ್ಯಾಚು ಮುಗಿಸಿ ನೇರ ಸರ್ಜನ್ ಕೋಣೆಗೆ ಹೋದೆ. ನೋಟ್‌ಬುಕ್ಕೂ ಹತ್ತೊಂಬತ್ತನೇ ತಾರೀಖಿನ ಚೀಟಿಯೂ ಮೇಜಿನ ಮೇಲಿಟ್ಟೆ. ಉಳಿದ ಚೀಟಿಗಳು ಜೇಬಿನಲ್ಲೇ ಉಳಿದವು.

ಸರ್ಜನ್ ಹೆಚ್ಚು ಮಾತಿನವರಲ್ಲ. ಎರಡು ಸಲ ಓದಿದರು. "ಅಂದ್ರೆ ಬುಧವಾರದವರ ಮೂಳೆಯಲ್ಲಿ ಕಂಡದ್ದೆಲ್ಲ ಸುಳ್ಳಿರಬಹುದು?"

"ಇರಬಹುದು ಸರ್. ಬೇರೆ ಸ್ಕ್ಯಾನಲ್ಲಿ ನೋಡಬೇಕು."

"ಜನವರಿಯಿಂದ ಎಷ್ಟು ಜನ?"

"ಇಪ್ಪತ್ತೊಂಬತ್ತು."

ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ನಿಮಗೆ ಯಾವತ್ತು ಗೊತ್ತಾಯ್ತು?"

"ಇತ್ತೀಚೆಗೆ ಸರ್."

ಎಷ್ಟು ಸಲೀಸಾಗಿ ಬಂತು ಆ ಪದ.

ಅಲ್ಲಿಂದಲೇ ಗುರುಗಳಿಗೆ ಫೋನ್ ಮಾಡಿದರು. ಬಂದರು. ಚೀಟಿ ನೋಡಿದಾಗ ಮುಖದ ಬಣ್ಣ ಒಂದು ಕ್ಷಣ ಇಳಿಯಿತು, ಅಷ್ಟೇ. ಮರುಕ್ಷಣ ನನ್ನ ಹೆಗಲು ತಟ್ಟಿದರು. "ಒಳ್ಳೇ ಕೆಲಸ. ಎರಡನೇ ದಿನದ ಮೇಲೆ ಕಣ್ಣಿಡು ಅಂತ ನಾನೇ ಹೇಳಿದ್ದೆ ಇವಳಿಗೆ."

ನೋಡಿ, ಇದಕ್ಕೇ ನಾನು ಹೆದರಿದ್ದು! ಹತ್ತು ನಿಮಿಷವೂ ಬೇಕಾಗಲಿಲ್ಲ.

ಸರ್ಜನ್ ಎದ್ದರು. "ಕೀರ್ತಿ ನಿಮ್ಮನಿಮ್ಮಲ್ಲಿ ಹಂಚ್ಕೊಳ್ಳಿ. ನಂಗೆ ರೋಗಿಗಳು ಬೇಕು." ಬುಧವಾರದ ರೋಗಿಗಳ ಪಟ್ಟಿ ತೆಗೆದುಕೊಂಡು ಒಂದೊಂದೇ ಮನೆಗೆ ಫೋನ್ ಹಚ್ಚತೊಡಗಿದರು.

ಸಂಜೆ 6

ನಾಲ್ಕು ಗಂಟೆಗೆ ಗುರುಗಳು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಹಾಕಿಸಿದರು. ಕೂತ್ಕೋ ಎಂದರು — ಒಂಬತ್ತು ವರ್ಷದಲ್ಲಿ ಮೊದಲ ಸಲ.

"ಎಣಿಸೋ ಯಂತ್ರದ ಮೆಮೊರಿ ತೆಗೆದು ನೋಡ್ದೆ. ಐದನೇ ತಾರೀಖು ಎರಡು ಸಲ. ಹನ್ನೆರಡಕ್ಕೊಂದು ಸಲ, ಎಂಟೂ ಐವತ್ತಕ್ಕೆ. ಅವತ್ತು ಡೋಸ್ ಹೋಗಿದ್ದು ಒಂಬತ್ತೂ ಕಾಲಿಗೆ." ಮುದ್ರಿಸಿದ ಹಾಳೆಯನ್ನು ನನ್ನತ್ತ ತಿರುಗಿಸಿದರು. "ಗೊತ್ತಿದ್ದೂ ಕೊಟ್ಟಿದೀಯ."

ತಿರುಚುತ್ತಿದ್ದ ಕೋಟಿನ ಗುಂಡಿ ಕಿತ್ತು ಕೈಗೆ ಬಂತು.

"ನನ್ನನ್ನ ಬೀಳಿಸೋಕೆ ಅಲ್ವಾ? ಬೀಳಿಸಬಹುದು. ಆದ್ರೆ ಬೀಳುವಾಗ ನಿನ್ನ ಜುಟ್ಟು ನನ್ನ ಕೈಯಲ್ಲಿರುತ್ತೆ." ಆಮೇಲೆ ದನಿ ಮೆತ್ತಗಾಯಿತು. "ಯಾಕಮ್ಮಾ ಇದೆಲ್ಲ? ಆ ಎರಡು ತಾರೀಖು ಅಳಿಸಿಬಿಡೋಣ. ಹತ್ತೊಂಬತ್ತಕ್ಕೆ ಗೊತ್ತಾಯ್ತು, ಖಚಿತ ಮಾಡ್ಕೊಂಡು ಇಪ್ಪತ್ತೈದಕ್ಕೆ ಹೇಳಿದ್ವಿ. ಶುಕ್ರವಾರ ವೇದಿಕೆ ಮೇಲೆ ನಿನ್ನ ಹೆಸರು ಹೇಳ್ತೀನಿ. ಉಪ್ಪಿನ ವಿಷಯ ನಿಂದೇ. ಡಿಗ್ರಿ ಫೈಲು ಮತ್ತೆ ತೆರೆಸ್ತೀನಿ."

"ಅಂಕಿ ತಿದ್ದೋಣ ಅಂತೀರಾ ಸರ್?"

"ತಿದ್ದೋದಲ್ಲ. ಮೂರು ಸಾಲು ಅಳಿಸೋದು."

ಯೋಚಿಸಿ ಹೇಳುತ್ತೇನೆ ಎಂದೆ. ನಿಜಕ್ಕೂ ಯೋಚಿಸಿದೆ. ಅದನ್ನೂ ಇಲ್ಲಿ ಬರೆದಿಡಬೇಕು — ಬಸ್ಸಿನಲ್ಲಿ ಕೂತು, ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ, ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ. ಚೆನ್ನಾಗಿ ಕೇಳಿಸಿತು.

ಮಾರ್ಚ್ 27, ಗುರುವಾರ

ನಾಳೆ ಏನು ಮಾಡುತ್ತೀಯ ಎಂದು ಅಕ್ಕ ಕೇಳಲಿಲ್ಲ. ನಾನು ಹೇಳಲಿಲ್ಲ. ಕೋಟಿನ ಕಿತ್ತುಹೋದ ಗುಂಡಿ ಹಾಕಿ ಇಸ್ತ್ರಿ ಮಾಡಿ ಇಟ್ಟಿದ್ದಾಳೆ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ 2.30

ಮುಗಿಯಿತು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ತಪಾಸಣೆಯ ಐವರು, ನಡುವೆ ಬಿಳಿಗೂದಲಿನ ಹೆಂಗಸು, ಅವರೇ ಮುಖ್ಯಸ್ಥೆ. ಗುರುಗಳು ಮಾತಾಡಿದರು. ಗಡ್ಡೆ, ದೀಪ, ಪೋಸ್ಟ್‌ಮ್ಯಾನ್. ಕೊನೆಗೆ, "ಇತ್ತೀಚೆಗೆ ನಮ್ಮ ಗಮನಕ್ಕೆ ಬಂದ ಒಂದು ಸಣ್ಣ ಸುಧಾರಣೆ, ನಮ್ಮ ಟೆಕ್ನಿಷಿಯನ್ ಸಹಕಾರದಿಂದ" ಎನ್ನುತ್ತ ನನ್ನ ಕಡೆ ನೋಡಿ ನಕ್ಕರು. ನಾನು ಒಪ್ಪಿದ್ದೇನೆ ಅಂದುಕೊಂಡಿದ್ದರು.

ಎದ್ದೆ. "ಸಣ್ಣ ಸುಧಾರಣೆ ಅಲ್ಲ ಸರ್. ಒಂಬತ್ತು ವರ್ಷದ ಹಿಂದೆ ನಾನು ತಿದ್ದಿದ್ದೀನಿ ಅಂತ ನೀವು ಹೇಳಿದ ಅಂಕಿ ಇದು."

"ಕೂತ್ಕೋ. ಆಮೇಲೆ ಮಾತಾಡೋಣ."

"ಮಾತಾಡ್ಲಿ" ಎಂದರು ಬಿಳಿಗೂದಲಿನವರು.

ನಡೆದುಹೋಗಿ ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ. ಚೀಟಿಗಳನ್ನೂ ಇಟ್ಟೆ — ಐದನೇ ತಾರೀಖಿನವೆರಡು, ಹನ್ನೆರಡರದು, ಹತ್ತೊಂಬತ್ತರದು. ಹಿಂದಿನ ಸಾಲಿನಿಂದ ಚಿತ್ರದ ಡಾಕ್ಟರು ಎದ್ದಳು. ಹುಡುಗಿಗೆ ಧೈರ್ಯ ಎಲ್ಲಿಂದ ಬಂತೋ. ಮಂಗಳವಾರದ ಸ್ಕ್ಯಾನು ಒಂದು ಕಡೆ, ಬುಧವಾರದ್ದು ಒಂದು ಕಡೆ ಪರದೆಯ ಮೇಲೆ ಹಾಕಿದಳು. ಎಡಗಡೆ ಕಪ್ಪು ಬೆನ್ನುಗಳು. ಬಲಗಡೆ ಹೊಳೆಯುವ ಬೆನ್ನುಗಳು. ವಿವರಣೆ ಬೇಕಾಗಲಿಲ್ಲ.

ಗುರುಗಳ ಮುಖ ಸುಣ್ಣ. ಬಾಯಿ ತೆರೆದರು, ನೀರು ಕುಡಿದರು, ಮತ್ತೆ ತೆರೆದರು. ಈ ಮುಖಕ್ಕಾಗಿ ಒಂಬತ್ತು ವರ್ಷ ಕಾದಿದ್ದೆ. ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಬರೆಯಲಿ — ಸಿಹಿಯಾಗಿತ್ತು. ಹಲ್ಲಿನ ಸಂದಿಗೂ ಸಿಹಿ ಇಳಿಯಿತು.

ಆಗ ಅವರು ನನ್ನ ಕಡೆ ಬೆರಳು ಚಾಚಿದರು. "ಚೀಟಿಯ ತಾರೀಖು ನೋಡಿ! ಐದಕ್ಕೇ ಗೊತ್ತಿದ್ದೂ ಹನ್ನೆರಡಕ್ಕೆ ಮೂವರು ರೋಗಿಗಳಿಗೆ ಡೋಸ್ ತುಂಬಿ ಕೊಟ್ಟಿದ್ದು ಯಾರು ಅಂತ ಕೇಳಿ ಇವಳನ್ನ!"

"ನಾನು" ಎಂದೆ.

ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಬಿಳಿಗೂದಲಿನವರು ಚೀಟಿಯನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಗುರುಗಳನ್ನು ನೋಡಿದಂತೆಯೇ ನೋಡಿದರು. ಅದೇ ಕಣ್ಣು.

"ಆ ಮೂವರು ಯಾರು?"

ಒಬ್ಬಳ ಬಗ್ಗೆ ಮಾತ್ರ ಹೇಳಲು ಬಂತು. ಉಳಿದಿಬ್ಬರ ಮುಖ ನಾನು ನೋಡಿಯೇ ಇರಲಿಲ್ಲ.

ಏಪ್ರಿಲ್ 3, ಗುರುವಾರ

ಗುರುಗಳ ಕೋಣೆಗೆ ಬೀಗ. ಪ್ರೋಟೀನು ಬೇರೆ ಯಾವ ಆಸ್ಪತ್ರೆಗೂ ಹೋಗುವುದಿಲ್ಲ. ಹಳೇ ಸಮಿತಿಯ ಕಡತ ಮತ್ತೆ ತೆರೆಯುತ್ತಾರಂತೆ. ನನಗೂ ಅಮಾನತು ಪತ್ರ ಬಂತು. ಇಬ್ಬರ ವಿಚಾರಣೆಯೂ ಒಂದೇ ತಿಂಗಳು. ಒಂದೇ ಲಕೋಟೆ, ಒಂದೇ ಭಾಷೆ.

ಸರ್ಜನ್ ಇಪ್ಪತ್ತೊಂಬತ್ತು ಜನರಲ್ಲಿ ಇಪ್ಪತ್ತೇಳು ಜನರನ್ನು ಮತ್ತೆ ಕರೆಸಿದರು. ಹನ್ನೊಂದು ಜನರ ಮೂಳೆ ಸುಮ್ಮಸುಮ್ಮನೆ ಹೊಳೆದಿತ್ತು. ಉಳಿದಿಬ್ಬರಲ್ಲಿ ಒಬ್ಬರು ಸಿಗಲಿಲ್ಲ. ಇನ್ನೊಬ್ಬರು ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಗಡ್ಡೆಯಿಂದಲೋ, ರಿಪೋರ್ಟಿನಿಂದಲೋ... ಯಾರು ಹೇಳಬೇಕು.

ಡ್ರೈವಿಂಗ್ ಟೀಚರ್ ಮೂಳೆ ಶುದ್ಧ. ಎಂಟನೇ ತಾರೀಖು ಆಪರೇಷನ್. ಚಿತ್ರದ ಡಾಕ್ಟರು ಫೋನ್ ಮಾಡಿ ಹೇಳಿದಳು. ಈ ಸಲ ಅಕ್ಕಾ ಎನ್ನಲಿಲ್ಲ. ಮೇಡಂ ಎಂದಳು.

ಏಪ್ರಿಲ್ 11, ಶುಕ್ರವಾರ. ಸಂಜೆ 5

ವಾರ್ಡಿಗೆ ಹೋಗಿದ್ದೆ. ಯಾರೂ ತಡೆಯಲಿಲ್ಲ. ದಿಂಬಿಗೆ ಒರಗಿ ಕೂತಿದ್ದಳು, ಎಡಗೈ ಬ್ಯಾಂಡೇಜಿನ ಜೋಲಿಯಲ್ಲಿ. ಗಡ್ಡೆ ಪೂರ್ತಿ ಹೊರಗೆ ಬಂದಿದೆಯಂತೆ. ಕಾಲು ಅಲುಗಾಡುತ್ತಿರಲಿಲ್ಲ.

"ನೀವೇ ಅಂತೆ" ಎಂದಳು.

ಕ್ಷಮೆ ಕೇಳಿದೆ. ಹಳೆಯದೆಲ್ಲ ಹೇಳಲು ಶುರುಮಾಡಿದೆ, ಗುರುಗಳು, ಸಮಿತಿ... ಕೈಯೆತ್ತಿ ತಡೆದಳು.

"ಅವರು ನಿಮಗೆ ಮಾಡಿದ್ದು ಅನ್ಯಾಯ. ಒಪ್ಕೊಂಡೆ. ನಾನು ನಿಮಗೆ ಏನ್ ಮಾಡಿದ್ದೆ?"

"ಏನೂ ಇಲ್ಲ" ಎಂದೆ.

"ರಿಪೋರ್ಟ್ ಬಂದ ಭಾನುವಾರ ಮಗಳನ್ನ ಕೂರಿಸ್ಕೊಂಡು ಹೇಳ್ದೆ ಮೇಡಂ. ಅಮ್ಮ ಜಾಸ್ತಿ ದಿನ ಇರಲ್ಲ ಪುಟ್ಟಾ ಅಂತ. ಸುಳ್ಳು ಹೇಳ್ಬಾರ್ದು, ಮಕ್ಕಳಿಗೆ ಮೊದಲೇ ಹೇಳ್ಬೇಕು ಅಂದಿದ್ರು ಯಾರೋ. ಎಂಟು ವರ್ಷ ಅವಳಿಗೆ. ಅವತ್ತಿಂದ ನನ್ನ ಸೆರಗು ಹಿಡ್ಕೊಂಡೇ ಮಲಗ್ತಾಳೆ. ಈಗ ಇರ್ತೀನಿ, ಎಲ್ಲೂ ಹೋಗಲ್ಲ ಅಂದ್ರೆ ನಂಬಲ್ಲ. ಅವತ್ತೂ ನೀನೇ ಹೇಳಿದ್ದು, ಇವತ್ತೂ ನೀನೇ ಹೇಳ್ತಿದೀಯ ಅಂತಾಳೆ."

ಅವಳು ಅಳಲಿಲ್ಲ. ದನಿ ಗಟ್ಟಿಯಿತ್ತು. ಕಲಿಯುವವರಿಗೆ ತಿರುವು ಹೇಳಿಕೊಡುವ ದನಿ.

"ವಿಚಾರಣೇಲಿ ನಾನು ನಿಮ್ಮ ವಿರುದ್ಧ ಹೇಳ್ತೀನಿ. ಅದು ಬೇರೆ. ಇದು ಬೇರೆ. ನೀವು ನನ್ನ ಮಗಳಿಗೆ ಹೇಳ್ಬೇಕು. ನಿಮ್ಮಮ್ಮನ ಮೂಳೆಗೆ ಏನೂ ಆಗಿರ್ಲಿಲ್ಲ ಅಂತ. ನಿಮಗದು ಮೊದಲೇ ಗೊತ್ತಿತ್ತು ಅಂತ. ಯಾಕೆ ಸುಮ್ನಿದ್ರಿ ಅಂತ ಅವಳು ಕೇಳ್ತಾಳೆ. ಬಲು ಚುರುಕು. ಅದಕ್ಕೂ ಉತ್ತರ ಕೊಡ್ಬೇಕು. ಅವಳಿಗೆ ಅರ್ಥ ಆಗೋ ಹಾಗೆ."

"ಬರ್ತೀನಿ" ಎಂದೆ.

"ನೀವು ಬರೋದು ಬೇಡ. ನಾವೇ ಬರ್ತೀವಿ. ನಿಮ್ಮ ಮನೆ ಅವಳು ನೋಡ್ಲಿ."

ಏಪ್ರಿಲ್ 20, ಭಾನುವಾರ. ಬೆಳಗ್ಗೆ 10.40

ಹನ್ನೊಂದಕ್ಕೆ ಬರುತ್ತಾರೆ. ನಾದಿನಿ ಗಾಡಿ ಓಡಿಸಿಕೊಂಡು ಬರುತ್ತಾಳಂತೆ.

ಒಂಬತ್ತು ದಿನದಿಂದ ಬರೆದು ಹೊಡೆದುಹಾಕುತ್ತಿದ್ದೇನೆ. ಎಂಟು ವರ್ಷದವಳಿಗೆ ಅರ್ಥವಾಗುವ ಹಾಗೆ. 'ಒಬ್ಬರು ನನಗೆ ತುಂಬ ಕೆಟ್ಟದ್ದು ಮಾಡಿದ್ದರು' — ಅದಕ್ಕೆ? ಎಂದು ಕೇಳುತ್ತಾಳೆ. 'ಅವರಿಗೆ ಬುದ್ಧಿ ಕಲಿಸಬೇಕಿತ್ತು' — ನಮ್ಮಮ್ಮನಿಂದ ಯಾಕೆ? ಪೋಸ್ಟ್‌ಮ್ಯಾನು, ದೀಪ, ಉಪ್ಪು, ಇವೆಲ್ಲ ಸುಲಭ. ಎಷ್ಟು ಸಲ ಎಷ್ಟು ಜನರಿಗೆ ಹೇಳಿಲ್ಲ. ಅದರ ಮುಂದಿನ ವಾಕ್ಯಕ್ಕೇ ಪೆನ್ನು ನಿಲ್ಲುತ್ತದೆ.

ಅಕ್ಕನನ್ನು ಕೇಳಿದೆ. "ನಿಜ ಹೇಳು" ಎಂದಳು. ಯಾವ ನಿಜ ಎಂದೆ. "ನಿಂಗೆ ಅವಳಮ್ಮನಿಗಿಂತ ಅವನ ಮುಖ ಮುಖ್ಯ ಆಗಿತ್ತು. ಅದು." ಎರಡು ಲೋಟ ಹಾಲು ಕಾಯಿಸಲು ಇಟ್ಟಳು.

10.55

ಗಾಡಿ ನಿಂತ ಸದ್ದು. ಕಿಟಕಿಯಿಂದ ನೋಡಿದೆ. ನಾದಿನಿ ಕೆಳಗಿಳಿದು ಬಾಗಿಲು ಹಿಡಿದಿದ್ದಾಳೆ. ಟೀಚರ್ ನಿಧಾನ ಇಳಿದಳು, ಕೈ ಎದೆಗೊತ್ತಿಕೊಂಡು. ಹಿಂದಿನಿಂದ ಹುಡುಗಿ. ನಾನೆಣಿಸಿದ್ದಕ್ಕಿಂತ ಚಿಕ್ಕವಳು. ಅಮ್ಮನ ಬೆರಳು ಬಿಡುತ್ತಿಲ್ಲ. ತಲೆಯೆತ್ತಿ ಮನೆ ನೋಡುತ್ತಿದ್ದಾಳೆ, ಯಾವ ಕಿಟಕಿ ಎಂದು. ನನ್ನನ್ನು ಕಂಡಳು.

ಅಕ್ಕ ಬಾಗಿಲ ಹತ್ತಿರ ಹೋದಳು. ಮೊದಲ ಮಾತು ಏನೆಂದು ಇನ್ನೂ —